ಝುಬೈದಾ ಟೀಚರ್ ಮನೆಯ ಬಿಸಿನೀರಿನ ಪೈಪು

ದಾಮೋದರ ಬಾವಾ,

ನೀವು ಕ್ಷೇಮವೇ ಎಂದು ಕೇಳುವುದಿಲ್ಲ. ಸತ್ತವರನ್ನು ಹಾಗೆ ಕೇಳುವುದು ಹುಚ್ಚು ಎಂದಲ್ಲ, ನಿಮ್ಮನ್ನು ಕೇಳಲು ಮನಸ್ಸಿಲ್ಲ ಎಂದು. ನಾನು ನಿಮ್ಮ ಹೆಂಡತಿಯ ತಮ್ಮ, ಪದ್ಮನಾಭ. ಮಂಗಲ್ಪಾಡಿ ಕಡೆಯಲ್ಲಿ ಹಾಗೆ ಹೇಳಿದರೆ ಯಾರಿಗೂ ಗುರುತು ಸಿಕ್ಕುವುದಿಲ್ಲ. ‘ಬಿಸಿನೀರು ಪದ್ದು’ ಎಂದರೆ ಕೂಡಲೇ ಸಿಕ್ಕುತ್ತದೆ. ಆ ಹೆಸರು ನನಗೆ ಹೇಗೆ ಬಂತು ಎಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಒಂಬತ್ತು ವರ್ಷ ಆ ಹೆಸರು ಹೊತ್ತುಕೊಂಡು ತಿರುಗಿದೆ. ಇವತ್ತು ನಿಮಗೆ ಹೇಳಬೇಕಾದದ್ದು ಸಾಕಷ್ಟಿದೆ, ಕೂತು ಓದಿ.

ನೀವು ಗಲ್ಫಿನಿಂದ ಬಂದು ವರ್ಕಾಡಿಯ ನಮ್ಮ ಮನೆಯಲ್ಲೇ ನಿಂತ ಮೊದಲ ವರ್ಷ ನೆನಪಿದೆ. ನನ್ನನ್ನು ಜೊತೆಗೆ ಕೆಲಸಕ್ಕೆ ಕರೆದುಕೊಂಡಿರಿ. ಇಪ್ಪತ್ತೇಳು ವರ್ಷದ ಗಂಡಸು ನಾನು, ನಿಮ್ಮ ಎದುರು ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದೆ. “ಪೈಪ್ ಕಣ್ಣಿಗೆ ಬಿದ್ರೆ ಮೇಸ್ತ್ರಿಯ ಮರ್ಯಾದೆ ಹೋಯ್ತು ಪದ್ದು” ಎನ್ನುತ್ತಿದ್ದಿರಿ. ಎಲ್ಲವೂ ಗೋಡೆಯೊಳಗೆ. ಯಾವ ಪೈಪು ಎಲ್ಲಿ ತಿರುಗಿತು, ಎಲ್ಲಿ ಕೂಡಿತು ಎಂದು ಒಂದು ಕಾಗದದ ಚೂರಿನಲ್ಲೂ ಬರೆದಿಡುತ್ತಿರಲಿಲ್ಲ. ಎಲ್ಲ ನಿಮ್ಮ ತಲೆಯೊಳಗೆ. ನಾಳೆ ಒಂದು ಬಚ್ಚಲಿನ ನಲ್ಲಿ ಬದಲಿಸಬೇಕಾದರೂ ನಿಮ್ಮನ್ನೇ ಕರೆಯಬೇಕು. ಅದನ್ನು ನಾನು ಆಗ ಜಾಣತನ ಎಂದುಕೊಂಡಿದ್ದೆ. ಊರಿನವರೂ ಹಾಗೆಯೇ ಅಂದುಕೊಂಡಿದ್ದರು.

ಝುಬೈದಾ ಟೀಚರ್ ಮನೆಯ ಕೆಲಸ ಸಿಕ್ಕಿದ ದಿನ ನಾನು ಎಷ್ಟು ಹಿಗ್ಗಿದ್ದೆ! ನಾಲ್ಕನೇ ಕ್ಲಾಸಿನಲ್ಲಿ ನನಗೆ ಭಾಗಾಕಾರ ಕಲಿಸಿದ ಟೀಚರ್. ಅವರ ಹೊಸ ಮನೆಗೆ ನಾನು ನೀರು ಹರಿಸುತ್ತೇನೆ ಎಂದು ಅಕ್ಕನ ಹತ್ತಿರ ಎರಡು ದಿನ ಅದೇ ಮಾತು. ಗೀಸರಿನ ಲೈನಿಗೆ ನೀವು ಬಿಳಿ ಪೈಪು ತೆಗೆದಾಗ ನಾನು ಕೇಳಿದೆ, ನೆನಪಿದೆಯೇ? “ಬಾವ, ಇದು ಬಿಸಿಗೆ ತಡೆಯುತ್ತದಾ? ಅಂಗಡಿಯವ ಬೇರೆ ಪೈಪ್ ಉಂಟು ಅಂತ ಹೇಳಿದ್ನಲ್ಲ, ಹಳದಿ ಬಣ್ಣದ್ದು.” ನೀವು ನಕ್ಕುಬಿಟ್ಟಿರಿ. “ಎಂತ ಮಾರಾಯ ನೀನು! ಗಲ್ಫಿನಲ್ಲಿ ಬೇಸಿಗೆಗೆ ಟ್ಯಾಂಕಿನ ನೀರು ಕೈ ಹಾಕ್ಲಿಕ್ಕೆ ಆಗ್ತಿರ್ಲಿಲ್ಲ. ಅಲ್ಲಿ ಹದಿಮೂರು ವರ್ಷ ಇದೇ ಬಿಳಿ ಪೈಪ್. ಒಂದು ಸಲ ಆದ್ರೂ ಎಂತಾದ್ರೂ ಆಯ್ತಾ?” ಬಿಸಿಲಿಗೆ ಕಾದ ನೀರಿಗೂ ಗೀಸರಿನ ನೀರಿಗೂ ವ್ಯತ್ಯಾಸ ಇದೆ ಎಂದು ಹೇಳಲು ನನಗೆ ಅಷ್ಟು ತಿಳಿದಿರಲಿಲ್ಲ. ನೀವು ಪೈಪು ಹಿಡಿದಿರಿ, ನಾನು ಅಂಟು ಹಾಕಿ ಜೋಡಿಸಿದೆ.

ಟೀಚರ್ ಹೊಸ ಮನೆಗೆ ಬಂದು ತಿಂಗಳು ಕಳೆದಿತ್ತು, ಒಂದು ಬೆಳಿಗ್ಗೆ ಉಪ್ಪಳ ಪೇಟೆಯಲ್ಲಿ ಚಾ ಕುಡಿಯುತ್ತಿದ್ದಾಗ ನಿಮ್ಮ ಫೋನು ಬಡಿದುಕೊಂಡಿತು. ಗೀಸರಿನ ಕೆಳಗೆ, ಗೋಡೆಯೊಳಗೆ ಹೋಗುವಲ್ಲಿ ಪೈಪು ಮೆತ್ತಗಾಗಿ ಕಳಚಿ ಬಂದಿತ್ತು. ಟೀಚರ್ ಬಕೆಟ್ ಹಿಡಿದು ನಿಂತಿದ್ದರಂತೆ. ಬಲಗೈ, ಮೊಣಕೈಯಿಂದ ಬೆರಳಿನವರೆಗೆ... ನಾವು ಹೋಗುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಗಿತ್ತು. ಬಚ್ಚಲಲ್ಲಿ ಅವರ ಮುರಿದ ಬಳೆ ಬಿದ್ದಿತ್ತು.

ಅವರನ್ನು ಆಸ್ಪತ್ರೆಗೆ ಸೇರಿಸಿ ವಾಪಸು ಬಂದ ಗಂಡ, ಮಗಳು, ನೆರೆಯವರು, ಸುತ್ತ ಹತ್ತು ಮಂದಿ ನಿಂತಿದ್ದ ಆ ಹಾಲ್‌ನಲ್ಲಿ ನೀವು ಏನು ಮಾಡಿದಿರಿ ಎಂದು ನಾನು ಇವತ್ತಿನವರೆಗೂ ಒಂದಕ್ಷರ ಮರೆತಿಲ್ಲ. ಕಳಚಿದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದಿರಿ. ಬೆರಳಿನಿಂದ ಉಜ್ಜಿದಿರಿ. ನನ್ನ ಕಡೆ ತಿರುಗಿ, “ಅಂಟು ಸರಿಯಾಗಿ ಹಾಕ್ಲಿಲ್ಲ ಇವ. ಎಷ್ಟು ಸಲ ಹೇಳಿದ್ದೇನೆ...” ಎಂದಿರಿ. ಆಮೇಲೆ ಅದೇ ಬಿಳಿ ಪೈಪಿನ ಹೊಸ ತುಂಡನ್ನು ಎಲ್ಲರ ಕಣ್ಣೆದುರು ನಿಮ್ಮ ಕೈಯಾರೆ ಅಂಟಿಸಿ ತೋರಿಸಿದಿರಿ. ನೋಡಿದವರಿಗೆ ಎಲ್ಲ ಸ್ಪಷ್ಟವಾಯಿತು. ನನಗೂ ಸ್ಪಷ್ಟವಾಯಿತು, ಅದೇ ದೊಡ್ಡ ದುರಂತ! ನಾನೇ ಟೀಚರ ಕೈ ಸುಟ್ಟವನು ಎಂದು ನಾನು ನಂಬಿದೆ.

ಆಸ್ಪತ್ರೆಗೆ ಹೋಗಿ ಟೀಚರ ಕಾಲು ಹಿಡಿದೆ. ಅವರು ಮುಖ ಆಚೆ ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಅಲ್ಲಿಂದ ಮೇಲೆ ಯಾರ ಮನೆಯ ಮೆಟ್ಟಿಲು ಹತ್ತಿದರೂ “ಬಿಸಿನೀರು ಪದ್ದುವಾ? ಬೇಡ ಮಾರಾಯ, ದಾಮೋದರಣ್ಣನನ್ನೇ ಕಳಿಸು” ಎನ್ನುವ ಮಾತು. ಅಂಟಿನ ಡಬ್ಬಿ ಮುಟ್ಟುವುದನ್ನೇ ಬಿಟ್ಟೆ. ಮಂಜುಗಡ್ಡೆಯ ಪ್ಲಾಂಟಿನಲ್ಲಿ ಗೋಣಿ ಹೊತ್ತೆ, ಬಾಡಿಗೆ ಜೀಪಿಗೆ ಜನ ಕೂಗಿ ಹತ್ತಿಸಿದೆ, ಕೊನೆಗೆ ಯಾರೋ ಏಜೆಂಟನ ಮೂಲಕ ಪೋಲೆಂಡಿಗೆ ಹೋದೆ. ಹೊರಡುವ ದಿನ ನೀವು ನನ್ನ ಹೆಗಲು ತಟ್ಟಿ, “ಅಲ್ಲಿ ಆದ್ರೂ ನೋಡಿ ಕೆಲಸ ಮಾಡು” ಎಂದಿರಿ. ಥೂ, ನಿಮ್ಮ ನಾಲಿಗೆ ಹೇಗೆ ಹೊರಳಿತು ಬಾವ?

ಪೋಲೆಂಡಿನಲ್ಲಿ ಮೊದಲ ವಾರವೇ ನನಗೆ ರೇಡಿಯೇಟರ್ ಕೆಲಸ ಕೊಟ್ಟರು. ನಿಮಗೆ ಅದು ಗೊತ್ತಿರಲಿಕ್ಕಿಲ್ಲ. ಗೋಡೆಗೆ ತೂಗುಹಾಕುವ ಕಬ್ಬಿಣದ ಹಲಗೆ, ಒಳಗೆ ಬಿಸಿನೀರು ಓಡುತ್ತದೆ, ಕೋಣೆ ಬೆಚ್ಚಗಾಗುತ್ತದೆ. ಪ್ರತಿಯೊಂದಕ್ಕೂ ಬಿಸಿ ತರುವ ಪೈಪು ಒಂದು, ತಣಿದದ್ದನ್ನು ಬಾಯ್ಲರಿಗೆ ವಾಪಸು ಒಯ್ಯುವ ಪೈಪು ಇನ್ನೊಂದು. ಅಲ್ಲಿನ ಮೇಸ್ತ್ರಿ ಒಬ್ಬ ಮುದುಕ. ನಾನು ಗೊತ್ತಿಲ್ಲದೆ ಒಂದು ದಿನ ತಣ್ಣೀರಿನ ಪೈಪನ್ನು ಬಿಸಿಯ ಲೈನಿಗೆ ಎತ್ತಿಕೊಂಡೆ. ಆತ ಕಿತ್ತುಕೊಂಡು ಕುದಿಯುವ ಕೆಟಲಿನ ನೀರು ಅದರ ಮೇಲೆ ಹೊಯ್ದ. ಪೈಪು ನನ್ನ ಕಣ್ಣೆದುರೇ ಬಾಗಿತು. ಟೀಚರ ಮನೆಯ ಪೈಪು ನೆನಪಾಯಿತು. ಅಂದರೆ ಅಂಟು ಅಲ್ಲ. ಅಂದರೆ ನಾನು ಅಲ್ಲ. ಅಂದರೆ...

ನಿಮ್ಮನ್ನೇ ಮುಖಾಮುಖಿ ಕೇಳಬೇಕು ಎಂದು ರಜೆಗೆ ದಿನ ನೋಡುತ್ತಿದ್ದಾಗ ಅಕ್ಕನ ಫೋನು ಬಂತು, ನಿಮ್ಮ ಹೃದಯ ನಿಂತಿತು ಎಂದು. ನಾನು ಅತ್ತುಬಿಟ್ಟೆ ಬಾವ. ಹಿಮ ಬೀಳುವ ಊರಿನಲ್ಲಿ, ಭಾಷೆ ತಿಳಿಯದ ಜನರ ನಡುವೆ, ನಿಮಗಾಗಿ ಅತ್ತೆ. ಪಾಪ, ಬಾವನಿಗೆ ಗೊತ್ತಿರಲಿಲ್ಲ, ಗಲ್ಫಿನಲ್ಲಿ ಕಂಡದ್ದನ್ನು ನಂಬಿ ಮಾಡಿದರು, ಬೇಕೆಂದು ಮಾಡಿದ್ದಲ್ಲ ಎಂದು ನಿಮ್ಮ ಪರವಾಗಿ ನಾನೇ ವಾದ ಮಾಡಿದೆ. ಆ ಕಣ್ಣೀರು ನನಗೆ ಈಗ ವಾಪಸು ಬೇಕು. ಕೊಡುತ್ತೀರಾ?

ಈ ಮಳೆಗಾಲದ ಸುರುವಿಗೆ, ನಾನು ಊರಿಗೆ ಬಂದು ಎರಡು ತಿಂಗಳಾಗಿದ್ದಾಗ, ಟೀಚರ ಮನೆಯಿಂದ ಕರೆ ಬಂತು. ನಿಮಗೆ ನಗು ಬರಬಹುದು. ಟೀಚರ್ ಇಂಗ್ಲೆಂಡಿನಲ್ಲಿ ಡಾಕ್ಟರಾಗಿರುವ ಮಗಳ ಮನೆಯಲ್ಲಿ ಒಂದು ಚಳಿಗಾಲ ಇದ್ದು ಬಂದಿದ್ದರು. ಇಲ್ಲಿ ಕಡಲಿನ ತೇವಕ್ಕೆ ಗೋಡೆಯೆಲ್ಲ ಬೂಷ್ಟು, ಬಟ್ಟೆ ಒಣಗುವುದಿಲ್ಲ, ಟೀಚರಿಗೆ ಉಬ್ಬಸ. ಅಲ್ಲಿ ಮಾತ್ರ ಉಸಿರು ಸಲೀಸಾಗಿ ಓಡಿತಂತೆ. ಮಗಳು ನಾಲ್ಕು ರೇಡಿಯೇಟರ್, ಒಂದು ಕರೆಂಟಿನ ಪುಟ್ಟ ಬಾಯ್ಲರ್ ಹಡಗಿನಲ್ಲಿ ಕಳಿಸಿಬಿಟ್ಟಳು. “ಸೆಕೆಯ ಊರಿನಲ್ಲಿ ಮನೆ ಕಾಯಿಸುವುದಾ? ಇವರಿಗೆ ತಲೆ ಸರಿ ಉಂಟಾ?” ಎಂದು ನೆರೆಯವರು ನಕ್ಕರು. ಇದನ್ನು ಜೋಡಿಸಿ ಗೊತ್ತಿರುವವರು ಬೇಕೆಂದು ಕಾಸರಗೋಡಿನವರೆಗೂ ವಿಚಾರಿಸಿದರಂತೆ. ಎಲ್ಲ ಕಡೆ ಸಿಕ್ಕಿದ್ದು ಒಂದೇ ಹೆಸರು, ಅದೂ ನನ್ನದು.

ಟೀಚರ್ ಬಾಗಿಲಲ್ಲೇ ನಿಂತಿದ್ದರು. ಒಂಬತ್ತು ವರ್ಷದ ನಂತರ ಅವರ ಮೊದಲ ಮಾತು, “ಪದ್ಮನಾಭ, ಪೈಪ್ ಎಲ್ಲ ನನ್ನ ಕಣ್ಣಿಗೆ ಕಾಣ್ಬೇಕು. ಗೋಡೆಯೊಳಗೆ ಒಂದೂ ಬೇಡ.” ಸುಟ್ಟ ಕೈಯನ್ನು ಶಾಲಿನೊಳಗೆ ಮುಚ್ಚಿಕೊಂಡಿದ್ದರು. ನಾನು ಆಯ್ತು ಎಂದೆ. ನನ್ನ ತಪ್ಪಲ್ಲ ಟೀಚರ್ ಎಂದು ಹೇಳೋಣ ಎನ್ನಿಸಿತು, ಆದರೆ ಸತ್ತವರ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಾನೆ ಎಂದುಕೊಳ್ಳುವುದಿಲ್ಲವೇ? ಪೈಪಿನ ಅಳತೆ ತೆಗೆಯಲು ಹೋದೆ. ಅವರು ಒಂದು ಕುರ್ಚಿ ತಂದು ಪ್ಯಾಸೇಜಿನಲ್ಲಿ ಹಾಕಿ ಕೂತರು, ಅವತ್ತಿನ ಕೆಲಸ ಮುಗಿಯುವವರೆಗೆ ಏಳಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಕೂತ ಹಾಗೆಯೇ.

ನಾಯ್ಮಾರ್ಮೂಲೆಯ ಅಂಗಡಿಯಿಂದ ಬಿಸಿಗೆ ತಡೆಯುವ ಪೈಪು ತಂದು ನಾನು ಹೇಗೆ ಎಳೆದೆ ಎಂದು ಹೇಳುತ್ತೇನೆ ಕೇಳಿ, ನಿಮಗೆ ಉರಿಯಲಿ. ಅಡುಗೆಕೋಣೆಯ ಹಿಂದಿನ ಬಾಯ್ಲರಿನಿಂದ ಹೊರಟ ಜೋಡಿ ಪೈಪು ಪ್ಯಾಸೇಜಿನ ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಎಲ್ಲರಿಗೂ ಕಾಣುವ ಹಾಗೆ ಹೋಗುತ್ತದೆ. ಮೊಳಕ್ಕೊಂದು ಕ್ಲಿಪ್ಪು. ಬಿಸಿಯಾದಾಗ ಪೈಪು ಹಿಗ್ಗುತ್ತದೆ, ಅದಕ್ಕೆ ಮೂಲೆಗಳಲ್ಲಿ ಜಾಗ ಬಿಟ್ಟಿದ್ದೇನೆ. ಮೊದಲ ರೇಡಿಯೇಟರ್ ಬಿಸಿಯೆಲ್ಲ ನುಂಗದ ಹಾಗೆ ಅದರ ವಾಲ್ವನ್ನು ಬಿಗಿಮಾಡಿ, ಕೊನೆಯದಕ್ಕೆ ಪೂರ್ತಿ ತೆರೆದಿಟ್ಟಿದ್ದೇನೆ. ಎಲ್ಲವನ್ನೂ ಕಾಗದದಲ್ಲಿ ಬರೆದು ಟೀಚರ ಕೈಗೆ ಕೊಟ್ಟೆ. ನಾಳೆ ನಾನು ಸತ್ತರೂ ಯಾರು ಬೇಕಾದರೂ ಬಂದು ರಿಪೇರಿ ಮಾಡಬಹುದು. ಮೇಸ್ತ್ರಿ ಎಂದರೆ ಹಾಗಿರಬೇಕು ಬಾವ.

ಟೀಚರ ಮಲಗುವ ಕೋಣೆಗೆ ಮಾತ್ರ ಒಂದು ತೊಡಕಿತ್ತು. ಪೈಪು ಬಚ್ಚಲಿನ ಗೋಡೆಯ ಆಚೆ ದಾಟಬೇಕು, ಅದಕ್ಕೆ ಎರಡು ತೂತು ಕೊರೆಯಬೇಕು. ಆ ಗೋಡೆಯೊಳಗೆ ನಿಮ್ಮ ಲೈನು ಎಲ್ಲಿ ಓಡಿದೆ ಎಂದು ದೇವರಿಗೂ ಗೊತ್ತಿಲ್ಲ. ಕುರುಡಾಗಿ ಕೊರೆದರೆ ಅದಕ್ಕೇ ತಾಗಬಹುದು. ಪ್ಯಾಸೇಜಿನ ಕಡೆಯಿಂದ ಮೊದಲು ಸ್ವಲ್ಪ ಒಡೆದು ನೋಡುತ್ತೇನೆ ಎಂದೆ. ಉಳಿ ಬಡಿದರೆ ಗಾರೆ ತುಪತುಪನೆ ಉದುರಿತು, ಉಳಿದ ಗೋಡೆಗಿಂತ ಮೆತ್ತಗೆ, ಬೇರೆ ಮರಳು. ಒಳಗೆ ನಿಮ್ಮ ಬಿಳಿ ಪೈಪು ಕಾಣುತ್ತದೆ, ಟೀಚರಿಗೆ ತೋರಿಸಿ ಎಲ್ಲ ಹೇಳಬಹುದು ಎಂದು ಬೇಗ ಬೇಗ ಉಳಿ ಬಡಿದೆ. ಕಂಡದ್ದು ಹಳದಿ ಪೈಪು.

ಇನ್ನೂ ಒಡೆದೆ. ಆ ಕಡೆ ಒಂದು ಮೊಳ, ಈ ಕಡೆ ಒಂದು ಮೊಳ. ಗೀಸರಿನಿಂದ ನಲ್ಲಿಯವರೆಗೆ ಒಂದು ತುಂಡೂ ಬಿಳಿ ಇಲ್ಲ. ಅಂಗಡಿಯವ ಆಗ ಹೇಳಿದ್ದ ಅದೇ ಬಿಸಿನೀರಿನ ಪೈಪು, ಮಟ್ಟಸವಾಗಿ ಕೂರಿಸಿದ್ದು. ಆ ಮನೆಗೆ ನಾನು ನನ್ನ ಕೈಯಾರೆ ಅಂಟಿಸಿದ್ದು ಬಿಳಿಯದು. ನೀವು ಹತ್ತು ಜನರ ಎದುರು ಅಂಟಿಸಿ ತೋರಿಸಿದ್ದೂ ಬಿಳಿಯದೇ. ಹಾಗಾದರೆ ಇದು ಯಾವಾಗ ಬಂತು? “ಟೀಚರ್, ಇಲ್ಲಿ ಆಮೇಲೆ ಯಾರಾದ್ರೂ ಕೆಲಸ ಮಾಡಿದ್ರಾ?” ಎಂದು ಕೇಳಿದೆ. ಟೀಚರ್ ಹೇಳಿದರು, “ನನ್ನ ಕೈ ಸುಟ್ಟು ವಾಸಿಯಾದ ಮೇಲೆ ನಾವು ಮೆಕ್ಕಾಕ್ಕೆ, ಉಮ್ರಾಕ್ಕೆ ಹೋದಾಗ ದಾಮೋದರ ಬೀಗದಕೈ ತಗೊಂಡಿದ್ದ. ಲೀಕ್ ಎಂತ ಆದ್ರೂ ಉಂಟಾ ನೋಡ್ತೇನೆ ಅಂತ. ನಾವು ವಾಪಸು ಬರುವಾಗ ಪ್ಯಾಸೇಜಿಗೆ ಪೇಂಟ್ ಕೂಡ ಹೊಡೆದಿದ್ದ. ಹೆಂಡ್ತಿಯನ್ನೂ ಕರ್ಕೊಂಡು ಬಂದಿದ್ನಂತೆ. ಎಷ್ಟು ಒಳ್ಳೆಯ ಮನುಷ್ಯ ಅಂತ ನಾನು ಎಲ್ಲರ ಹತ್ರ ಹೇಳಿದ್ದೆ.”

ಉಳಿ ಕೆಳಗಿಟ್ಟು ಆ ದಿನದ ಕೆಲಸ ಅಲ್ಲಿಗೇ ನಿಲ್ಲಿಸಿದೆ. ನಿಮಗೆ ಗೊತ್ತಿತ್ತು! ನೀವು ದಡ್ಡರಾಗಿದ್ದರೆ ನಾನು ಇನ್ನೂ ಹತ್ತು ವರ್ಷ ನಿಮ್ಮ ಪರ ವಾದ ಮಾಡುತ್ತಿದ್ದೆ. ಪೈಪಿನದ್ದೇ ತಪ್ಪು ಎಂದು ಗೊತ್ತಾಗಿ, ಹೋಗಿ ಸರಿಯಾದ ಪೈಪು ತಂದು, ಕಳ್ಳರ ಹಾಗೆ ಗೋಡೆ ಒಡೆದು, ಹಾಕಿ, ಮುಚ್ಚಿ, ಮೇಲೆ ಬಣ್ಣವನ್ನೂ ಬಳಿದಿರಿ. ಅದೇ ರಾತ್ರಿ ಮನೆಗೆ ಬಂದು ನನ್ನ ಎದುರು ಕೂತು ಊಟ ಮಾಡಿರುತ್ತೀರಿ, ಅಲ್ಲವೇ? ನಾನು ಆಗ ಮಂಜುಗಡ್ಡೆ ಹೊತ್ತು ಹೆಗಲು ಬಾತುಕೊಂಡು ಬರುತ್ತಿದ್ದೆ. ಒಂದು ಮಾತು ನಿಮ್ಮ ಬಾಯಿಂದ ಹೊರಡಲಿಲ್ಲ. ಟೀಚರ ಎದುರು ಬೇಡ, ಊರಿನ ಎದುರು ಬೇಡ. ನನಗೊಬ್ಬನಿಗೆ, ಕಿವಿಯಲ್ಲಿ, ಪದ್ದು ನಿನ್ನ ತಪ್ಪಲ್ಲ ಎಂದು... ಅಷ್ಟಕ್ಕೂ ನಿಮಗೆ ಆಗಲಿಲ್ಲವೇ?

ಸಂಜೆ ಮನೆಗೆ ಬಂದಾಗ ಅಕ್ಕ ಜಗಲಿಯಲ್ಲಿ ಬೀಡಿಯ ಎಲೆ ಕತ್ತರಿಸುತ್ತಿದ್ದಳು. ಕೇಳಿದೆ. ಗುಲಾಬಿ ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ನೀವು ಅವಳಿಗೆ ಬಾಯಿ ಬಿಡಬಾರದೆಂದು ಮಕ್ಕಳ ಮೇಲೆ ಆಣೆ ಹಾಕಿಸಿದ್ದು. “ಸಿಮೆಂಟ್ ಕಲಸಿ ಕೊಟ್ಟದ್ದು ನಾನೇ ಪದ್ದು” ಎಂದಳು. ಕತ್ತರಿ ಕೆಳಗಿಟ್ಟಳು. “ಅವರು ಹೇಳಿದ್ರು, ನನ್ನ ಹೆಸರು ಹೋದ್ರೆ ಮೂರು ಮಕ್ಕಳು ಬೀದಿಗೆ ಬೀಳ್ತಾರೆ. ಪದ್ದು ಒಬ್ಬಂಟಿ, ಎಲ್ಲಿಯಾದ್ರೂ ಹೋಗಿ ಬದುಕ್ತಾನೆ ಅಂತ. ಎಂತ ಮಾಡ್ಲಿ ನಾನು? ನೀನು ಊಟಕ್ಕೆ ಕೂತಾಗ ಎಲ್ಲ ನನಗೆ ತುತ್ತು ಇಳೀತಿರ್ಲಿಲ್ಲ.” ನಾನು ಅವಳಿಗೆ ಬೈದೆ. ಬಾಯಿಗೆ ಬಂದ ಹಾಗೆ ಬೈದೆ, ಆಮೇಲೆ ಇಬ್ಬರೂ ಅತ್ತೆವು. ನೀವು ಹೇಳಿದ್ದು ಸರಿಯೇ, ನಾನು ಹೋಗಿ ಬದುಕಿದೆ. ಹಾಗೆಂದು ನನ್ನನ್ನು ಎಸೆದುಬಿಡಬಹುದು ಎಂದು ನಿಮಗೆ ಹೇಳಿದವರು ಯಾರು?

ಮರುದಿನ ಬೆಳಿಗ್ಗೆ ನಾನು ಹೊರಡುವ ಮೊದಲೇ ಅಕ್ಕ ಸೀರೆ ಬದಲಿಸಿ ಕೊಡೆ ಹಿಡಿದು ನಿಂತಿದ್ದಳು. ನಾನು ಕರೆದಿರಲಿಲ್ಲ. ಬಸ್ಸು ಹತ್ತಿ ಜೊತೆಗೆ ಬಂದಳು. ಟೀಚರ ಹಾಲ್‌ನಲ್ಲಿ, ನೀವು ಪೈಪಿನ ತುಂಡು ಎತ್ತಿ ತೋರಿಸಿದ ಅದೇ ಜಾಗದಲ್ಲಿ ನಿಂತು ಎಲ್ಲ ಹೇಳಿದಳು. ಟೀಚರ ಗಂಡ ಇದ್ದರು, ರೇಡಿಯೇಟರ್ ನೋಡಲು ಬಂದ ನೆರೆಯವರು ಇಬ್ಬರು ಇದ್ದರು. ಟೀಚರ್ ಕುರ್ಚಿಯಿಂದ ಎದ್ದು ಅವಳ ಹತ್ತಿರ ಬಂದರು. ಆಮೇಲೆ, “ಗುಲಾಬಿ, ನಿನ್ನ ಮೇಲೆ ನನಗೆ ಕೋಪ ಉಂಟು, ಇಲ್ಲ ಅಂತ ಹೇಳುದಿಲ್ಲ” ಎಂದರು. “ಆದ್ರೆ ನನ್ನ ಮೇಲೆ ಅದಕ್ಕಿಂತ ಜಾಸ್ತಿ ಉಂಟು. ಇವ ನನ್ನ ಕ್ಲಾಸಿನಲ್ಲಿ ಕೂತ ಹುಡುಗ. ಎಂತ ಆಯ್ತು ಅಂತ ಒಂದು ಸಲ ಇವನನ್ನೇ ಕೇಳ್ಬೇಕು ಅಂತ ನನಗೆ ಕಾಣ್ಲಿಲ್ಲ.” ಅದನ್ನು ಅವರು ನನ್ನ ಮುಖ ನೋಡಿಯೇ ಹೇಳಿದರು. ನಾನು ಉಳಿ ಎತ್ತಿಕೊಂಡು ಒಳಗೆ ಹೋಗಿ ಕೆಲಸ ಸುರುಮಾಡಿದೆ.

ಬಾಯ್ಲರ್ ಹಾಕಿದ ದಿನ ಜೋರು ಮಳೆ. ಪಂಪು ಗುಂಯ್ ಎಂದಿತು, ಒಂದೊಂದು ರೇಡಿಯೇಟರಿನ ಗಾಳಿ ಬಿಟ್ಟೆ, ಅರ್ಧ ಗಂಟೆಯಲ್ಲಿ ನಾಲ್ಕೂ ಒಂದೇ ಸಮ ಬೆಚ್ಚಗಾದವು. ಒಂದು ಹನಿ ಎಲ್ಲೂ ಇಲ್ಲ. ಹತ್ತು ದಿನದಲ್ಲಿ ಟೀಚರ ಕೋಣೆಯ ಗೋಡೆ ಒಣಗಿತು. ಈಗ ಮಲಗಿದರೆ ಉಸಿರು ಸಿಕ್ಕಿಕೊಳ್ಳುವುದಿಲ್ಲವಂತೆ. ಪಕ್ಕದ ಮನೆಯವರು ಮಗುವಿನ ಬಟ್ಟೆ ಒಣಗಿಸಲು ತರುತ್ತಾರೆ, ನಕ್ಕವರು ಅವರೇ. ಒಬ್ಬರು ನನ್ನನ್ನು “ಪದ್ಮನಾಭಣ್ಣ” ಎಂದು ಕರೆದರು. ಯಾರನ್ನು ಕರೆಯುತ್ತಿದ್ದಾರೆ ಎಂದು ನಾನು ಹಿಂತಿರುಗಿ ನೋಡಿದೆ.

ಇನ್ನು ನೀವು ಕೇಳದ ಸುದ್ದಿ. ಮೊನ್ನೆ ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸಿದೆವು. ಪ್ರತಿವರ್ಷದ ಹಾಗೆಯೇ ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ, ಕೋಳಿ, ರೊಟ್ಟಿ, ಎಳನೀರಿನ ಬೊಂಡ. ಮನೆಯ ಹಿರಿಯ ಗಂಡಸು ಈಗ ನಾನು, ಹೆಸರು ಹಿಡಿದು ಕರೆಯಬೇಕಾದವನೂ ನಾನೇ. ಅಜ್ಜಿಯನ್ನು ಕರೆದೆ, ಮಾವಂದಿರನ್ನು ಕರೆದೆ, ಅಮ್ಮನನ್ನು ಕರೆದೆ. ಕೊನೆಯ ಎಲೆಯ ಎದುರು ಬಂದು ನಿಂತೆ. ಅದು ನಿಮ್ಮದು. ಎಲೆ ಎತ್ತಿ ಹೊರಗೆ ಬಿಸಾಡೋಣ ಎನ್ನಿಸಿತು, ಸುಳ್ಳು ಹೇಳುವುದಿಲ್ಲ. ನಿಮ್ಮ ಮೂರು ಮಕ್ಕಳೂ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಅಕ್ಕ ಹಿಂದಿನಿಂದ ಹೇಳಿದಳು, “ಕರೆ ಪದ್ದು. ಅವರು ಹಸಿದು ಹೋಗುದು ಬೇಡ. ಆದ್ರೆ ಬರೀ ಹೆಸರು ಹೇಳಿ ಕರೀಬೇಡ. ಎಂತ ಮಾಡಿದ್ದು ಅಂತ ಹೇಳಿ ಕರೆ. ಮಕ್ಕಳು ಕೇಳ್ಲಿ.”

ಕರೆದೆ ಬಾವ. ನೆರೆಮನೆಗೂ ಕೇಳುವಷ್ಟು ಗಟ್ಟಿಯಾಗಿ ಕರೆದೆ. “ಝುಬೈದಾ ಟೀಚರ ಕೈ ಸುಟ್ಟ ಪೈಪು ಹಾಕಿದ ದಾಮೋದರ, ಗೊತ್ತಿದ್ದೂ ಹೆಂಡತಿಯ ತಮ್ಮನ ತಲೆಗೆ ಕಟ್ಟಿದ ದಾಮೋದರ, ಬನ್ನಿ, ಎಲೆ ಹಾಕಿದ್ದೇವೆ, ಊಟ ಮಾಡಿ.” ಆಮೇಲೆ ಎಲ್ಲರೂ ಹೊರಗೆ ಬಂದು, ನೀವು ಉಣ್ಣುವಾಗ ಯಾರೂ ನೋಡದ ಹಾಗೆ ಬಾಗಿಲು ಎಳೆದುಕೊಂಡೆವು. ಇನ್ನು ನಾನು ಬದುಕಿರುವಷ್ಟು ವರ್ಷ ಪ್ರತಿ ಆಟಿಯಲ್ಲೂ ನಿಮಗೆ ಎಲೆ ಇರುತ್ತದೆ, ಕೋಳಿಯೂ ಇರುತ್ತದೆ, ಕಡಿಮೆ ಮಾಡುವುದಿಲ್ಲ. ಆದರೆ ಕರೆಯುವುದು ಇದೇ ಹೆಸರಿನಿಂದ. ಬರುವುದಾದರೆ ಬನ್ನಿ.

ನಿಮ್ಮ ಹೆಂಡತಿಯ ತಮ್ಮ,
ಪದ್ಮನಾಭ